ರಿಪೋರ್ಟ್ ನಾರ್ಮಲ್, ನೋವು ನಿಜ

‘ರಿಪೋರ್ಟ್ ಎಲ್ಲ ನಾರ್ಮಲ್ ಇದೆ.’ ಆಸ್ಪತ್ರೆಯಲ್ಲಿ ಈ ಮಾತು ಕೇಳಿದರೆ ಸಮಾಧಾನ ಆಗಬೇಕು, ಅಲ್ವಾ? ಆದರೆ ತಿಂಗಳುಗಟ್ಟಲೆ ನೋವು ತಿಂದ ಮಗುವಿಗೆ ಈ ಮಾತು ಕೇಳಿದಾಗ ಎದೆ ಧಸಕ್ಕೆನ್ನುತ್ತದೆ. ರಕ್ತ ಪರೀಕ್ಷೆ ಆಯಿತು, ಸ್ಕ್ಯಾನ್ ಆಯಿತು. ಓಂಕಾಳಿನ ನೀರು ಕುಡಿಸಿದ್ದಾಯಿತು, ದೃಷ್ಟಿ ತೆಗೆದದ್ದೂ ಆಯಿತು. ಎಲ್ಲೂ ಏನೂ ಸಿಗಲಿಲ್ಲ. ಅಲ್ಲಿಂದ ಮನೆಯ ಮಾತು ಬದಲಾಗುತ್ತದೆ. ‘ಸ್ಕೂಲಿಗೆ ಹೋಗೋಕೆ ಸೋಮಾರಿತನ.’ ‘ಸುಮ್ನೆ ನಾಟಕ.’ ‘ಮೊಬೈಲ್ ಕೊಡು, ನೋವು ಎಲ್ಲಿ ಹೋಗುತ್ತೆ ನೋಡು.’

ನಾನು ಬರೆಯಲು ಕೂತಿರುವುದು ಆ ಮಗುವಿನ ಪರವಾಗಿ. ರಿಪೋರ್ಟ್ ನಾರ್ಮಲ್ ಇದ್ದೂ ನೋವು ನಿಜವಾಗಿರಬಹುದು. ಅದು ಹೇಗೆ ಎಂದು ಈಗ ವಿಜ್ಞಾನಕ್ಕೆ ಸಾಕಷ್ಟು ಗೊತ್ತಾಗಿದೆ. ಅದಕ್ಕೆ ಏನು ಮಾಡಬೇಕು ಎಂಬುದೂ ಸ್ವಲ್ಪ ಸ್ವಲ್ಪವಾಗಿ ಗೊತ್ತಾಗುತ್ತಿದೆ. ಆದರೆ ಆ ತಿಳಿವಳಿಕೆ ನಮ್ಮ ಮನೆಗಳ ತನಕ ಇನ್ನೂ ಬಂದಿಲ್ಲ.

ಮೊದಲು ಇದು ಎಷ್ಟು ಮಕ್ಕಳ ಮಾತು ಎಂದು ನೋಡೋಣ. 3 ತಿಂಗಳಿಗಿಂತ ಜಾಸ್ತಿ ಉಳಿಯುವ, ಅಥವಾ ಹೋಗಿ ಹೋಗಿ ಮತ್ತೆ ಬರುವ ನೋವನ್ನು ದೀರ್ಘಕಾಲದ ನೋವು ಎನ್ನುತ್ತಾರೆ. ಬೇರೆ ಬೇರೆ ದೇಶಗಳ 119 ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದ ಒಂದು ವಿಶ್ಲೇಷಣೆ 2024ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ 100 ಮಕ್ಕಳಲ್ಲಿ ಸುಮಾರು 20 ಮಂದಿಗೆ ಇಂಥ ನೋವಿದೆ. ತಲೆನೋವು, ಹೊಟ್ಟೆನೋವು, ಬೆನ್ನು ಮತ್ತು ಕೈಕಾಲು ನೋವುಗಳೇ ಹೆಚ್ಚು. ಇವರಲ್ಲಿ ಬಹುಪಾಲು ಮಕ್ಕಳು ಹೇಗೋ ನಿಭಾಯಿಸಿಕೊಂಡು ಹೋಗುತ್ತಾರೆ. ಕೆಲವರಿಗೆ ಮಾತ್ರ ಸ್ಕೂಲು, ಆಟ, ನಿದ್ದೆ, ಗೆಳೆತನ ಎಲ್ಲವೂ ಒಂದೊಂದಾಗಿ ಕೈತಪ್ಪುತ್ತದೆ. ನನಗೆ ಚಿಂತೆ ಇರುವುದು ಆ ಕೆಲವರ ಬಗ್ಗೆ.

ಮಕ್ಕಳ ನೋವನ್ನು ನಂಬದಿರುವುದು ನಮ್ಮ ಮನೆಗಳಲ್ಲಿ ಮಾತ್ರ ಇರುವ ದೋಷವಲ್ಲ. ವೈದ್ಯಕೀಯವೂ ಬಹಳ ಕಾಲ ನಂಬಿರಲಿಲ್ಲ. 1980ರ ದಶಕದವರೆಗೂ ಎಷ್ಟೋ ದೊಡ್ಡ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳಿಗೆ ಸರಿಯಾಗಿ ಅರಿವಳಿಕೆ ಕೊಡದೆ ಆಪರೇಷನ್ ಮಾಡುತ್ತಿದ್ದರು. ಕೂಸು ಅಲುಗಾಡದ ಹಾಗೆ ಸ್ನಾಯುಗಳನ್ನು ಸಡಿಲಗೊಳಿಸುವ ಔಷಧ ಕೊಡುತ್ತಿದ್ದರು, ಜೊತೆಗೆ ಸೌಮ್ಯವಾದ ಒಂದು ಅನಿಲ. ಕೂಸಿನ ನರಮಂಡಲ ಇನ್ನೂ ಬಲಿತಿಲ್ಲ, ಅದಕ್ಕೆ ನೋವು ಗೊತ್ತಾಗುವುದಿಲ್ಲ ಎಂಬುದು ಅವರ ನಂಬಿಕೆ. ಅದನ್ನು ಅಲುಗಾಡಿಸಿದವರಲ್ಲಿ ಮುಖ್ಯರು ಭಾರತದಲ್ಲಿ ಓದಿ ಆಕ್ಸ್‌ಫರ್ಡ್‌ಗೆ ಹೋದ ವೈದ್ಯ ಕನ್ವಲ್‌ಜೀತ್ ಆನಂದ್. ಅವಧಿಗೆ ಮುಂಚೆ ಹುಟ್ಟಿ ಹೃದಯದ ಹತ್ತಿರದ ಒಂದು ರಕ್ತನಾಳಕ್ಕೆ ಆಪರೇಷನ್ ಬೇಕಾಗಿದ್ದ ಕೂಸುಗಳನ್ನು ಅವರು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಆಗ ನಡೆಯುತ್ತಿದ್ದ ಪದ್ಧತಿ. ಇನ್ನೊಂದಕ್ಕೆ ಅದರ ಜೊತೆ ಫೆಂಟನಿಲ್ ಎಂಬ ಬಲವಾದ ನೋವುನಿವಾರಕ. ನೋವುನಿವಾರಕ ಸಿಗದ ಕೂಸುಗಳ ರಕ್ತದಲ್ಲಿ ಒತ್ತಡದ ಹಾರ್ಮೋನುಗಳು ತುಂಬಾ ಏರಿದವು. ಆಪರೇಷನ್ ಆದ ಮೇಲೂ ಅವಕ್ಕೇ ತೊಂದರೆ ಜಾಸ್ತಿಯಾಯಿತು. 1987ರಲ್ಲಿ ಇದು ಪ್ರಕಟವಾದಾಗ ವೈದ್ಯಲೋಕ ಬೆಚ್ಚಿಬಿತ್ತು. ಯೋಚಿಸಿ, ಇದು ನೂರು ವರ್ಷ ಹಿಂದಿನ ಕಥೆಯಲ್ಲ. ಈಗ 40 ದಾಟಿದವರು ಹುಟ್ಟುವ ಹೊತ್ತಿಗೆ ನಡೆಯುತ್ತಿದ್ದದ್ದು.

ಸ್ವಲ್ಪ ದೊಡ್ಡ ಮಕ್ಕಳ ಕಥೆ ಬೇರೆ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಜಾನ್ ಆಪ್ಲಿ ಎಂಬ ಮಕ್ಕಳ ವೈದ್ಯರು 1950ರ ದಶಕದಲ್ಲಿ 1000 ಶಾಲಾ ಮಕ್ಕಳನ್ನು ವಿಚಾರಿಸಿ ನೋಡಿದರು. ಹತ್ತರಲ್ಲಿ ಒಂದು ಮಗುವಿಗೆ ಮತ್ತೆ ಮತ್ತೆ ಹೊಟ್ಟೆನೋವು. ಹುಡುಕಿದರೆ ಬಹುಪಾಲು ಮಕ್ಕಳಲ್ಲಿ ಯಾವ ರೋಗವೂ ಇಲ್ಲ. ಈ ಒಗಟು ಬಿಡಿಸಲು ವಿಜ್ಞಾನಕ್ಕೆ ಇನ್ನೂ ಹಲವು ದಶಕ ಬೇಕಾಯಿತು. ಯಾಕೆಂದರೆ ನೋವು ಎಂದರೇನು ಎಂಬ ಲೆಕ್ಕವೇ ಆಗ ತಪ್ಪಾಗಿತ್ತು.

ನಾವೆಲ್ಲ ಅಂದುಕೊಂಡಿರುವುದು ಹೀಗೆ: ಗಾಯದಲ್ಲಿ ನೋವು ಹುಟ್ಟುತ್ತದೆ, ನರ ಅದನ್ನು ಹೊತ್ತು ತಲೆಗೆ ಮುಟ್ಟಿಸುತ್ತದೆ. ಗಾಯ ದೊಡ್ಡದಾದರೆ ನೋವು ದೊಡ್ಡದು, ಗಾಯ ಇಲ್ಲದಿದ್ದರೆ ನೋವೂ ಇಲ್ಲ. ಆದರೆ ನರಗಳು ನೋವನ್ನು ಹೊರುವುದಿಲ್ಲ. ‘ಇಲ್ಲಿ ಏನೋ ಆಗಿದೆ’ ಎಂಬ ಸುದ್ದಿಯನ್ನಷ್ಟೇ ಒಯ್ಯುತ್ತವೆ. ಆ ಸುದ್ದಿ ಎಷ್ಟು ಗಂಭೀರ ಎಂದು ತೀರ್ಮಾನಿಸಿ ಅದನ್ನು ನೋವಾಗಿಸುವುದು ಮಿದುಳು.

ಹೊಸಿಲು ಎಡವಿ ಕಾಲ್ಬೆರಳು ಜಜ್ಜಿದಾಗ ನೀವು ಏನು ಮಾಡುತ್ತೀರಿ? ಥಟ್ಟನೆ ಹಿಡಿದು ತಿಕ್ಕುತ್ತೀರಿ. ನೋವು ಸ್ವಲ್ಪ ಇಳಿಯುತ್ತದೆ. ಬೆರಳಿನ ಪೆಟ್ಟು ಕಮ್ಮಿಯಾಯಿತೇ? ಇಲ್ಲ. 1965ರಲ್ಲಿ ರೊನಾಲ್ಡ್ ಮೆಲ್ಝಾಕ್ ಮತ್ತು ಪ್ಯಾಟ್ರಿಕ್ ವಾಲ್ ಇದಕ್ಕೆ ಒಂದು ವಿವರಣೆ ಕೊಟ್ಟರು. ಬೆನ್ನುಹುರಿಯಲ್ಲಿ ಒಂದು ಗೇಟಿನಂಥ ವ್ಯವಸ್ಥೆ ಇದೆ. ಮುಟ್ಟಿದ್ದು, ತಿಕ್ಕಿದ್ದರ ಸುದ್ದಿ ಜೋರಾಗಿ ಬಂದರೆ ಪೆಟ್ಟಿನ ಸುದ್ದಿಗೆ ಗೇಟು ಅರ್ಧ ಮುಚ್ಚುತ್ತದೆ. ಮೇಲಿನಿಂದ ಮಿದುಳೂ ಆ ಗೇಟನ್ನು ತೆರೆಯಬಹುದು, ಮುಚ್ಚಬಹುದು. ಸಿದ್ಧಾಂತದ ಸಣ್ಣಪುಟ್ಟ ವಿವರಗಳು ಆಮೇಲೆ ಬದಲಾದವು. ಆದರೆ ನೋವಿನ ಸುದ್ದಿ ದಾರಿಯಲ್ಲೇ ಏರಿಳಿಯುತ್ತದೆ ಎಂಬ ಮಾತು ನಿಂತಿತು.

ಮಿದುಳಿನ ಪಾತ್ರ ತೋರಿಸುವ ಒಂದು ಪ್ರಯೋಗ ನನಗೆ ಬಹಳ ಇಷ್ಟ. ಲೋರಿಮರ್ ಮೋಸ್ಲಿ ಮತ್ತು ಆರ್ನೌಡ್ ಆರ್ನ್ಟ್ಸ್ 2007ರಲ್ಲಿ ಪ್ರಕಟಿಸಿದ್ದು. ದೊಡ್ಡವರ ಮೇಲೆ ಮಾಡಿದ ಪ್ರಯೋಗ. ಮೈನಸ್ 20 ಡಿಗ್ರಿ ತಣ್ಣಗಿರುವ ಲೋಹದ ಕಡ್ಡಿಯನ್ನು ಕೈಯ ಹಿಂಬದಿಗೆ ಒಂದು ಕ್ಷಣ ತಾಗಿಸುತ್ತಾರೆ. ಅದರ ಜೊತೆ ಒಮ್ಮೆ ಕೆಂಪು ದೀಪ ಹೊತ್ತುತ್ತದೆ, ಒಮ್ಮೆ ನೀಲಿ ದೀಪ. ಕಡ್ಡಿ ಅದೇ, ತಣ್ಣಗಿರುವುದೂ ಅಷ್ಟೇ. ಆದರೂ ಕೆಂಪು ದೀಪ ಕಂಡಾಗ ಜನ ಜಾಸ್ತಿ ನೋವು ಎಂದರು. ಕೆಂಪು ಎಂದರೆ ಸುಡುತ್ತದೆ, ಅಪಾಯ ಎಂದು ಮಿದುಳಿಗೆ ಗೊತ್ತು. ಅಪಾಯ ಜಾಸ್ತಿ ಎನಿಸಿದ್ದಕ್ಕೆ ನೋವನ್ನೂ ಜಾಸ್ತಿ ಮಾಡಿತು.

ಈಗ ಆ ಮೊಬೈಲ್ ಮಾತಿಗೆ ಬರೋಣ. ಮೊಬೈಲ್ ನೋಡುವಾಗ ಮಗುವಿನ ನೋವು ಕಮ್ಮಿಯಾದರೆ ಅದು ನಾಟಕಕ್ಕೆ ಸಾಕ್ಷಿಯಲ್ಲ. ಗಮನ ಬೇರೆ ಕಡೆ ಹೋದಾಗ ಯಾರ ಮಿದುಳಾದರೂ ಗೇಟನ್ನು ಸ್ವಲ್ಪ ಮುಚ್ಚುತ್ತದೆ. ನೋವು ಕೆಲಸ ಮಾಡುವುದೇ ಹಾಗೆ.

ಇನ್ನು ಗಾಯ ಮಾಗಿದ ಮೇಲೂ ನೋವು ಯಾಕೆ ಉಳಿಯುತ್ತದೆ? ಲಂಡನ್ನಿನಲ್ಲಿದ್ದ ಕ್ಲಿಫರ್ಡ್ ವುಲ್ಫ್ 1983ರಲ್ಲಿ ಇಲಿಗಳಲ್ಲಿ ಇದರ ಒಂದು ಎಳೆ ಹಿಡಿದರು. ಪೆಟ್ಟು ಬಿದ್ದ ಮೇಲೆ ಬೆನ್ನುಹುರಿಯ ನರಕೋಶಗಳೇ ಬದಲಾಗುತ್ತವೆ. ಸಣ್ಣ ಸುದ್ದಿಗೂ ಜೋರಾಗಿ ಸ್ಪಂದಿಸುತ್ತವೆ. ಸುಮ್ಮನೆ ಮುಟ್ಟಿದರೂ ಪೆಟ್ಟಿನ ಹಾಗೆ ಸದ್ದು ಮಾಡುತ್ತವೆ.

ಮನೆಗೆ ಒಮ್ಮೆ ಕಳ್ಳ ನುಗ್ಗಿದ ಎಂದುಕೊಳ್ಳಿ. ಅವತ್ತಿನಿಂದ ಮನೆಯ ನಾಯಿ ಹಾಲಿನವನಿಗೂ ಬೊಗಳುತ್ತದೆ, ಪೇಪರ್ ಹುಡುಗನಿಗೂ ಬೊಗಳುತ್ತದೆ. ಗಾಳಿಗೆ ತೆಂಗಿನ ಗರಿ ಅಲುಗಿದರೂ ಎದ್ದು ನಿಲ್ಲುತ್ತದೆ. ಹೊರಗೆ ಟಾರ್ಚ್ ಹಿಡಿದು ಹುಡುಕಿದರೆ ಕಳ್ಳ ಸಿಗುವುದಿಲ್ಲ. ಹಾಗಂತ ಬೊಗಳಿದ್ದು ಸುಳ್ಳೇ? ಕಿವಿಗೆ ಕೇಳುತ್ತಲೇ ಇದೆಯಲ್ಲ. ರಾತ್ರಿಯಿಡೀ ನಿದ್ದೆ ಕೆಡುತ್ತಲೇ ಇದೆಯಲ್ಲ. ಸ್ಕ್ಯಾನ್, ಎಕ್ಸ್‌ರೇಗಳೆಲ್ಲ ಕಳ್ಳನನ್ನು ಹುಡುಕುವ ಟಾರ್ಚುಗಳು. ನಾಯಿ ಯಾಕೆ ಹೀಗಾಯಿತು ಎಂದು ಅವು ಹೇಳುವುದಿಲ್ಲ.

ಈ ಬಗೆಯ ನೋವಿಗೆ ನೋವಿನ ಅಂತರರಾಷ್ಟ್ರೀಯ ಅಧ್ಯಯನ ಸಂಘ 2017ರಲ್ಲಿ ನೋಸಿಪ್ಲಾಸ್ಟಿಕ್ ನೋವು ಎಂದು ಹೆಸರಿಟ್ಟಿತು. ವಿಶ್ವ ಆರೋಗ್ಯ ಸಂಸ್ಥೆಯ ಹೊಸ ರೋಗಪಟ್ಟಿ 2022ರಲ್ಲಿ ಜಾರಿಗೆ ಬಂತು. ಅದರಲ್ಲಿ ದೀರ್ಘಕಾಲದ ನೋವೇ ಒಂದು ಕಾಯಿಲೆಯಾಗಿ ನಿಲ್ಲಬಹುದು ಎಂದು ಒಪ್ಪಿದ್ದಾರೆ. ಹೆಸರು ಸಿಕ್ಕಿದ್ದು ಸಣ್ಣ ವಿಷಯ ಅನಿಸಬಹುದು. ‘ನಿನಗೆ ಏನೂ ಇಲ್ಲ’ ಎಂದು ಕೇಳಿ ಕೇಳಿ ಸೋತ ಮಗುವಿಗೆ ‘ನಿನಗೆ ಇರುವುದು ಇದು’ ಎಂದು ಹೇಳಲು ಸಾಧ್ಯವಾಯಿತು. ನನ್ನ ಮಟ್ಟಿಗೆ ಅದು ದೊಡ್ಡ ವಿಷಯ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಟಾರ್ಚ್ ಹಿಡಿದು ಒಮ್ಮೆ ಸರಿಯಾಗಿ ಹುಡುಕಬೇಕು. ಜ್ವರ ಬಿಡದಿದ್ದರೆ, ತೂಕ ಇಳಿಯುತ್ತಿದ್ದರೆ, ಬೆಳಗ್ಗೆ ಎದ್ದಾಗ ಕೀಲುಗಳು ಊದಿ ಬಿಗಿಯಾಗಿದ್ದರೆ, ನೋವು ದಿನಾ ನಿದ್ದೆಯಿಂದ ಎಬ್ಬಿಸುತ್ತಿದ್ದರೆ, ಮಲದಲ್ಲಿ ರಕ್ತ ಕಂಡರೆ, ತಲೆನೋವಿನ ಜೊತೆ ಮುಂಜಾನೆ ವಾಂತಿಯಾಗುತ್ತಿದ್ದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಹುಡುಗಿಯರ ಮುಟ್ಟಿನ ನೋವಿಗೂ ಇದೇ ಮಾತು. ‘ಎಲ್ಲರಿಗೂ ಇರುತ್ತೆ’ ಎಂದು ಸುಮ್ಮನಾಗುತ್ತೇವೆ. ತಿಂಗಳು ತಿಂಗಳೂ ಸ್ಕೂಲು ತಪ್ಪುವಷ್ಟು ನೋವಿದ್ದರೆ ಎಂಡೋಮೆಟ್ರಿಯೋಸಿಸ್, ಅಂದರೆ ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೆ ಬೆಳೆಯುವ ಕಾಯಿಲೆ ಇರಬಹುದು. ಅದು ಹದಿಹರೆಯದಲ್ಲೇ ಶುರುವಾಗಬಹುದು. ಆದರೆ ಒಮ್ಮೆ ಸರಿಯಾಗಿ ಹುಡುಕಿದ ಮೇಲೆ ಹತ್ತನೇ ಸಲ ಅದೇ ಸ್ಕ್ಯಾನ್ ಮಾಡಿಸುವುದರಿಂದ ಮಗುವಿಗೆ ಒಂದೇ ಸಂದೇಶ ಹೋಗುತ್ತದೆ: ನನ್ನೊಳಗೆ ಏನೋ ಭಯಂಕರವಾದದ್ದು ಅಡಗಿದೆ.

ಹದಿಹರೆಯದಲ್ಲೇ ಇದು ಯಾಕೆ ಜಾಸ್ತಿ? ಒಂದೇ ಕಾರಣ ಇಲ್ಲ. ಮೈ ನೆರೆಯುವ ಹೊತ್ತಿಗೆ ಹುಡುಗ ಹುಡುಗಿಯರ ನಡುವೆ ವ್ಯತ್ಯಾಸ ಕಾಣಿಸಿಕೊಳ್ಳುತ್ತದೆ, ಹುಡುಗಿಯರಲ್ಲಿ ಹೆಚ್ಚಿನ ನೋವುಗಳು ಜಾಸ್ತಿಯಾಗುತ್ತವೆ. ಹಾರ್ಮೋನುಗಳ ಪಾತ್ರ ಇದೆ. ನಿದ್ದೆ ಕೆಟ್ಟರೆ ನೋವು, ನೋವಿದ್ದರೆ ನಿದ್ದೆ ಕೆಡುತ್ತದೆ. ಆತಂಕ, ಖಿನ್ನತೆಗಳು ನೋವಿನ ಜೊತೆಗೇ ಓಡಾಡುತ್ತವೆ. ಅಪ್ಪ ಅಮ್ಮನಿಗೆ ದೀರ್ಘಕಾಲದ ನೋವಿದ್ದರೆ ಮಕ್ಕಳಿಗೂ ಬರುವ ಸಾಧ್ಯತೆ ಜಾಸ್ತಿ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಮರಿಯಾ ಫಿಟ್ಜೆರಾಲ್ಡ್ ಅವರ ತಂಡ ಇಲಿಮರಿಗಳಲ್ಲಿ ಕಂಡದ್ದು ಇನ್ನೂ ಸೋಜಿಗದ್ದು. ತೀರಾ ಎಳೆಯ ಮರಿಯ ನರಕ್ಕೆ ಪೆಟ್ಟಾದರೆ ಆಗ ನೋವಿನ ಲಕ್ಷಣ ಕಾಣಿಸುವುದಿಲ್ಲ. ಎಳೆಯ ದೇಹದ ರೋಗನಿರೋಧಕ ವ್ಯವಸ್ಥೆ ಅದನ್ನು ಅದುಮಿಟ್ಟಿರುತ್ತದೆ. ಅದೇ ಮರಿ ಬೆಳೆದು ಹದಿಹರೆಯಕ್ಕೆ ಬಂದಾಗ ಅದುಮಿಟ್ಟಿದ್ದು ತಲೆ ಎತ್ತುತ್ತದೆ. ಪೆಟ್ಟು ಯಾವಾಗಲೋ, ನೋವು ಯಾವಾಗಲೋ. ಇಲಿಯಲ್ಲಿ ಕಂಡದ್ದು ಮನುಷ್ಯರಲ್ಲೂ ಹಾಗೇ ಎಂದು ಹೇಳಿಬಿಡಲು ಆಗುವುದಿಲ್ಲ. ಆದರೂ ಕಾರಣವೇ ಗೊತ್ತಿಲ್ಲದೆ 13ನೇ ವಯಸ್ಸಿಗೆ ನೋವು ಶುರುವಾಯಿತು ಎನ್ನುವ ಮಕ್ಕಳ ಬಗ್ಗೆ ಯೋಚಿಸಲು ಇದು ಒಂದು ಹೊಸ ದಾರಿ.

ಸ್ಕೂಲ್ ಬ್ಯಾಗ್? ಬೆನ್ನುನೋವು ಎಂದ ಕೂಡಲೇ ನಾವೆಲ್ಲ ಕೈ ತೋರಿಸುವುದು ಬ್ಯಾಗಿನ ಕಡೆಗೆ. ಕರ್ನಾಟಕದಲ್ಲಿ 2019ರಲ್ಲಿ ಬ್ಯಾಗಿನ ತೂಕಕ್ಕೆ ಮಿತಿ ಹಾಕಿ ಸರ್ಕಾರ ಆದೇಶವನ್ನೇ ಹೊರಡಿಸಿತು. ಮಣಭಾರದ ಬ್ಯಾಗ್ ಹೊತ್ತು ಮೂರು ಮಹಡಿ ಹತ್ತುವ ಮಗುವನ್ನು ನೋಡಿದರೆ ಸಂಕಟವಾಗುತ್ತದೆ, ತೂಕ ಇಳಿಸಿದ್ದು ಒಳ್ಳೆಯದೇ. ಆದರೆ 2018ರಲ್ಲಿ 69 ಅಧ್ಯಯನಗಳನ್ನು ಜಾಲಾಡಿದ ಒಂದು ಪರಿಶೀಲನೆಗೆ ಬ್ಯಾಗಿನ ಭಾರದಿಂದಲೇ ಬೆನ್ನುನೋವು ಬರುತ್ತದೆ ಎನ್ನಲು ಗಟ್ಟಿ ಪುರಾವೆ ಸಿಗಲಿಲ್ಲ. ಬ್ಯಾಗ್ ಹಗುರ ಮಾಡಿದೆವು, ನಮ್ಮ ಕೆಲಸ ಮುಗಿಯಿತು ಎಂದು ಕೂರುವ ಹಾಗಿಲ್ಲ.

ಈಗ ಒಂದು ಕಾಯಿಲೆಯನ್ನು ಹತ್ತಿರದಿಂದ ನೋಡೋಣ. ಅದರ ಹೆಸರು ಕಾಂಪ್ಲೆಕ್ಸ್ ರೀಜನಲ್ ಪೇನ್ ಸಿಂಡ್ರೋಮ್, ಚಿಕ್ಕದಾಗಿ ಸಿಆರ್‌ಪಿಎಸ್. ಅಪರೂಪದ್ದು, ಆದರೆ ಇಡೀ ವಿಷಯ ಇದರಲ್ಲಿ ಕಣ್ಣಿಗೆ ಕಟ್ಟಿದಂತೆ ಕಾಣುತ್ತದೆ. ಮಕ್ಕಳಲ್ಲಿ ಇದು ಹೆಚ್ಚಾಗಿ ಬರುವುದು ಹದಿಹರೆಯಕ್ಕೆ ಕಾಲಿಡುವ ಹುಡುಗಿಯರಿಗೆ, ಅದೂ ಹೆಚ್ಚಾಗಿ ಕಾಲಿಗೆ. ಶುರುವಾಗುವುದು ಸಣ್ಣ ಉಳುಕಿನಿಂದ. ಕಬಡ್ಡಿಯಲ್ಲೋ ಮೆಟ್ಟಿಲಿನಲ್ಲೋ ಪಾದ ಉಳುಕುತ್ತದೆ. ಎರಡು ವಾರದಲ್ಲಿ ಸರಿಹೋಗಬೇಕು. ಹೋಗುವುದಿಲ್ಲ. ಪಾದ ಊದುತ್ತದೆ, ಬಣ್ಣ ನೇರಳೆಗೆ ತಿರುಗುತ್ತದೆ, ಮುಟ್ಟಿದರೆ ಐಸಿನ ಹಾಗೆ ತಣ್ಣಗಿರುತ್ತದೆ. ಕಾಲುಚೀಲ ತಾಗಿದರೆ ಉರಿ. ಹೊದಿಕೆ ತಾಗಿದರೆ ಉರಿ. ಫ್ಯಾನಿನ ಗಾಳಿ ಸೋಕಿದರೂ ಕಣ್ಣಲ್ಲಿ ನೀರು. ಮಗು ಆ ಕಾಲನ್ನು ನೆಲಕ್ಕೆ ಊರುವುದನ್ನೇ ಬಿಡುತ್ತದೆ.

ಯಾರಿಗಾದರೂ ಅನಿಸುವುದೇನು? ಕಾಲಿಗೆ ವಿಶ್ರಾಂತಿ ಕೊಡಬೇಕು, ಬ್ಯಾಂಡೇಜ್ ಸುತ್ತಿ ಎತ್ತಿ ಇಡಬೇಕು. ಇಲ್ಲೇ ತಪ್ಪುವುದು. ಬಳಸದೆ ಇಟ್ಟಷ್ಟೂ ಕಾಲು ಸೊರಗುತ್ತದೆ, ನರಗಳು ಇನ್ನೂ ಚುರುಕಾಗುತ್ತವೆ. ಕಾಲು ಊರಿದರೆ ಏನೋ ಮುರಿದೀತು ಎಂಬ ಭಯ ಬೇರೂರುತ್ತದೆ. ನಾಯಿಯನ್ನು ಕೋಣೆಯೊಳಗೆ ಕೂಡಿಹಾಕಿ ಬಾಗಿಲು ಹಾಕಿದ ಹಾಗೆ. ಸದ್ದು ಕೇಳಿದಾಗಲೆಲ್ಲ ಅದು ಇನ್ನೂ ಜೋರಾಗಿ ಬೊಗಳುತ್ತದೆ. ನಾಯಿಗೆ ಹಾಲಿನವನ ಗುರುತು ಆಗಬೇಕಾದರೆ ಹಾಲಿನವನು ದಿನಾ ಬರಬೇಕು, ದಿನಾ ಒಂದು ಹೆಜ್ಜೆ ಹತ್ತಿರಕ್ಕೆ.

ಚಿಕಿತ್ಸೆಯೂ ಹಾಗೇ ನಡೆಯುತ್ತದೆ. ಮೊದಲ ದಿನ ಪಾದದ ಮೇಲೆ ಹತ್ತಿ ಸವರುತ್ತಾರೆ. ಬರೀ ಹತ್ತಿ. ಅದೇ ತಡೆಯುವುದಿಲ್ಲ. ಆಮೇಲೆ ಮೆತ್ತನೆ ಬಟ್ಟೆ, ಆಮೇಲೆ ಒರಟು ಟವೆಲ್. ಒಂದು ಟಬ್ಬಿನಲ್ಲಿ ಅಕ್ಕಿ ತುಂಬಿ ಅದರೊಳಗೆ ಪಾದ ಇಳಿಸಿ ಬೆರಳಾಡಿಸಲು ಹೇಳುತ್ತಾರೆ. ಅಕ್ಕಿಯ ಒಂದೊಂದು ಕಾಳೂ ಸೂಜಿಯ ಹಾಗೆ ಚುಚ್ಚುತ್ತದೆ. ಮಗು ಹಲ್ಲು ಕಚ್ಚಿ ಹತ್ತು ಎಣಿಸುತ್ತದೆ. ಮರುದಿನ ಇಪ್ಪತ್ತು. ಜೊತೆಗೆ ನೀರಿನಲ್ಲಿ ನಡೆಯುವುದು, ಸೈಕಲ್ ತುಳಿಯುವುದು, ಚೆಂಡು ಒದೆಯುವುದು. ಪಕ್ಕದಲ್ಲಿ ಒಬ್ಬ ಮನಶ್ಶಾಸ್ತ್ರಜ್ಞರು ಇರುತ್ತಾರೆ. ಭಯ ಬಂದಾಗ ಉಸಿರು ಹೇಗೆ ಹಿಡಿತಕ್ಕೆ ತರಬೇಕು, ‘ಕಾಲು ಮುರಿಯುತ್ತದೆ’ ಎಂಬ ಯೋಚನೆ ಬಂದಾಗ ಅದಕ್ಕೆ ಏನು ಹೇಳಿಕೊಳ್ಳಬೇಕು ಎಂದು ಕಲಿಸುತ್ತಾರೆ.

ಅಮೆರಿಕದ ಡೇವಿಡ್ ಶೆರಿ ಮತ್ತು ಜೊತೆಗಾರರು ಇಂಥ 103 ಮಕ್ಕಳ ವಿವರವನ್ನು 1999ರಲ್ಲಿ ಪ್ರಕಟಿಸಿದರು. ಅವರಲ್ಲಿ 87 ಮಂದಿ ಹುಡುಗಿಯರು, ಸರಾಸರಿ ವಯಸ್ಸು 13. ದಿನಕ್ಕೆ 4 ಗಂಟೆ ವ್ಯಾಯಾಮ, ಸರಾಸರಿ 14 ದಿನ. ನೋವಿನ ಮಾತ್ರೆ ಇಲ್ಲ. 92% ಮಕ್ಕಳ ಲಕ್ಷಣಗಳು ಹೋದವು. ಹೋಲಿಸಿ ನೋಡಲು ಇನ್ನೊಂದು ಗುಂಪು ಇರಲಿಲ್ಲ, ಹಾಗಾಗಿ ಈ ಅಂಕಿಯನ್ನು ಪೂರ್ತಿ ನಂಬಿ ಕೂರುವ ಹಾಗಿಲ್ಲ. ಆದರೆ ದಾರಿ ಕಂಡಿತು. 2008ರಲ್ಲಿ ಬಾಸ್ಟನ್ ಮಕ್ಕಳ ಆಸ್ಪತ್ರೆ ಇದಕ್ಕೆಂದೇ ಒಂದು ಕೇಂದ್ರ ತೆರೆಯಿತು. ಮಕ್ಕಳು ಸ್ಕೂಲಿಗೆ ಹೋದ ಹಾಗೆ ಬೆಳಗ್ಗೆ ಅಲ್ಲಿಗೆ ಹೋಗಿ ಸಂಜೆ ವಾಪಸ್ ಬರುತ್ತಾರೆ, ಕೆಲವು ವಾರ. ಅಲ್ಲಿ ಕೆಲಸ ಮಾಡುತ್ತಿದ್ದ ಲಾರಾ ಸೈಮನ್ಸ್ ಮತ್ತು ಜೊತೆಗಾರರು ಚಿಕಿತ್ಸೆಗೆ ಮೊದಲು ಮತ್ತು ಆಮೇಲೆ ಮಕ್ಕಳ ಮಿದುಳಿನ ಎಂಆರ್‌ಐ ತೆಗೆದು ನೋಡಿದರು. ಮಿದುಳಿನಲ್ಲಿ ಭಯವನ್ನು ಸಂಭಾಳಿಸುವ ಅಮಿಗ್ಡಲಾ ಎಂಬ ಬಾದಾಮಿ ಗಾತ್ರದ ಭಾಗ ಇದೆ. ಈ ಮಕ್ಕಳಲ್ಲಿ ಅದು ಮಿದುಳಿನ ಬೇರೆ ಭಾಗಗಳ ಜೊತೆ ಅತಿಯಾಗಿ ಹೆಣೆದುಕೊಂಡಿತ್ತು. ಚಿಕಿತ್ಸೆಯ ನಂತರ ಆ ಹೆಣಿಗೆ ಸಡಿಲವಾಯಿತು. ಅದೂ ಕೆಲವೇ ವಾರದಲ್ಲಿ. ಎಳೆಯ ಮಿದುಳು ಬೇಗ ಕೆಟ್ಟದ್ದನ್ನು ಕಲಿತಂತೆ ಬೇಗ ಮರೆಯಲೂ ಬಲ್ಲದು. ಮಕ್ಕಳ ವಿಷಯದಲ್ಲಿ ನನಗೆ ಭರವಸೆ ಕೊಡುವ ಮುಖ್ಯ ಸಂಗತಿ ಇದೇ.

ಮಾತ್ರೆಗಳ ಕಥೆ ಏನು? ಇಲ್ಲಿ ಮೈಗ್ರೇನಿನ ಒಂದು ದೊಡ್ಡ ಪರೀಕ್ಷೆಯನ್ನು ಹೇಳಬೇಕು. ಅಮೆರಿಕದಲ್ಲಿ 8ರಿಂದ 17 ವರ್ಷದ 361 ಮಕ್ಕಳನ್ನು ಸೇರಿಸಿ ನಡೆದದ್ದು. ಕೆಲವರಿಗೆ ಅಮಿಟ್ರಿಪ್ಟಿಲಿನ್, ಕೆಲವರಿಗೆ ಟೋಪಿರಮೇಟ್. ಎರಡೂ ವೈದ್ಯರು ದಿನನಿತ್ಯ ಬರೆದುಕೊಡುವ ಮಾತ್ರೆಗಳೇ. ಇನ್ನು ಕೆಲವರಿಗೆ ಔಷಧವೇ ಇಲ್ಲದ ಹುಸಿ ಮಾತ್ರೆ. ತಲೆನೋವಿನ ದಿನಗಳು ಅರ್ಧಕ್ಕೆ ಇಳಿದದ್ದು ಎಷ್ಟು ಮಕ್ಕಳಲ್ಲಿ? ಮೊದಲ ಮಾತ್ರೆಯಲ್ಲಿ 52%, ಎರಡನೆಯದರಲ್ಲಿ 55%. ಹುಸಿ ಮಾತ್ರೆಯಲ್ಲಿ 61%. ಅಡ್ಡಪರಿಣಾಮಗಳು ಮಾತ್ರ ನಿಜವಾದ ಮಾತ್ರೆಗಳಲ್ಲೇ ಜಾಸ್ತಿ. ಮುಂದುವರಿಸಿ ಪ್ರಯೋಜನವಿಲ್ಲ ಎಂದು ಪರೀಕ್ಷೆಯನ್ನು ಅರ್ಧಕ್ಕೇ ನಿಲ್ಲಿಸಿದರು. ಫಲಿತಾಂಶ 2017ರಲ್ಲಿ ಅಚ್ಚಾಯಿತು.

ಇದನ್ನು ಓದಿ ಮಗುವಿನ ಮಾತ್ರೆಯನ್ನು ಯಾರೂ ತಾವಾಗಿ ನಿಲ್ಲಿಸಬೇಡಿ, ಅದನ್ನು ವೈದ್ಯರ ಜೊತೆಗೇ ಮಾತಾಡಬೇಕು. ನಾನು ಹೇಳಬಯಸುವುದು ಬೇರೆ. ದೊಡ್ಡವರಿಗೆ ಕೊಡುವ ಮಾತ್ರೆಯನ್ನು ಡೋಸ್ ಇಳಿಸಿ ಮಕ್ಕಳಿಗೆ ಕೊಟ್ಟರೆ ಸಾಕು ಎಂಬ ಲೆಕ್ಕ ನಡೆಯುವುದಿಲ್ಲ. ಮಕ್ಕಳಲ್ಲೇ ಪರೀಕ್ಷಿಸಿ ನೋಡಬೇಕು. ಇಂಥ ಪರೀಕ್ಷೆಗಳು ತೀರಾ ಕಮ್ಮಿ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಮಕ್ಕಳ ದೀರ್ಘಕಾಲದ ನೋವಿಗೆ ಮಾರ್ಗಸೂಚಿ ಹೊರತಂದಾಗಲೂ ಆಧಾರವಾಗಿ ಸಿಕ್ಕ ಪುರಾವೆ ಬಡವಾಗಿಯೇ ಇತ್ತು.

ಅದೇ ಮೈಗ್ರೇನ್ ತಂಡ 2013ರಲ್ಲಿ ಇನ್ನೊಂದು ಪರೀಕ್ಷೆಯ ಫಲಿತಾಂಶ ಕೊಟ್ಟಿತ್ತು. ದೀರ್ಘಕಾಲದ ಮೈಗ್ರೇನ್ ಇದ್ದ 135 ಮಕ್ಕಳಿಗೆ ಅಮಿಟ್ರಿಪ್ಟಿಲಿನ್ ಕೊಟ್ಟರು. ಅರ್ಧದಷ್ಟು ಮಕ್ಕಳಿಗೆ ಜೊತೆಯಲ್ಲಿ ಸಿಬಿಟಿ ಎಂಬ ಮಾತಿನ ಚಿಕಿತ್ಸೆ. ಉಳಿದವರಿಗೆ ತಲೆನೋವಿನ ಬಗ್ಗೆ ತಿಳಿವಳಿಕೆಯ ಪಾಠ. ಸಿಬಿಟಿ ಸಿಕ್ಕವರಲ್ಲಿ 66% ಮಕ್ಕಳ ತಲೆನೋವಿನ ದಿನಗಳು ಅರ್ಧ ಅಥವಾ ಅದಕ್ಕೂ ಕಮ್ಮಿಯಾದವು, ಪಾಠ ಸಿಕ್ಕವರಲ್ಲಿ 36%. ಮಾತಿನ ಚಿಕಿತ್ಸೆ ಎಂದ ಕೂಡಲೇ ‘ಹಾಗಾದರೆ ಇದು ಮಾನಸಿಕವೇ’ ಎಂದು ಅಪ್ಪ ಅಮ್ಮ ಗಾಬರಿಯಾಗುತ್ತಾರೆ. ನಮ್ಮಲ್ಲಿ ಆ ಪದಕ್ಕೆ ಅಂಟಿದ ಕಳಂಕ ಗೊತ್ತೇ ಇದೆ. ಆದರೆ ಗೇಟಿಗೆ ಮೇಲಿನಿಂದಲೂ ಕೈ ಇದೆಯಲ್ಲ. ಉಸಿರಾಟ, ಮೈ ಸಡಿಲಿಸುವುದು, ಭಯದ ಯೋಚನೆಯನ್ನು ಗುರುತಿಸುವುದು, ಚೆನ್ನಾಗಿರುವ ದಿನ ಮೂರು ದಿನದ ಕೆಲಸವನ್ನು ಒಟ್ಟಿಗೆ ಮಾಡಿ ಮರುದಿನ ಮಲಗದಿರುವುದು, ಇವೆಲ್ಲ ಆ ಕೈಗೆ ಕೊಡುವ ತರಬೇತಿ.

ಈ ಸಂಶೋಧನೆಗಳನ್ನೆಲ್ಲ ಓದುವಾಗ ಒಂದು ಸಂಗತಿ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಸಿನ್ಸಿನಾಟಿಯಲ್ಲಿ ಸುಸ್ಮಿತಾ ಕಾಶೀಕರ್ ಝುಕ್ ಅವರ ತಂಡ, ಮೈಯೆಲ್ಲ ನೋಯುವ ಫೈಬ್ರೊಮಯಾಲ್ಜಿಯಾ ಇದ್ದ 114 ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ಸಿಬಿಟಿ, ಉಳಿದವರಿಗೆ ತಿಳಿವಳಿಕೆಯ ಪಾಠ ಕೊಟ್ಟು ನೋಡಿತು. 2012ರ ಈ ಅಧ್ಯಯನದಲ್ಲಿ ಸಿಬಿಟಿ ಸಿಕ್ಕ ಮಕ್ಕಳ ದಿನನಿತ್ಯದ ಓಡಾಟ ಚೆನ್ನಾಗಿ ಸುಧಾರಿಸಿತು, ನೋವು ಮಾತ್ರ ಅಷ್ಟೇನೂ ಇಳಿಯಲಿಲ್ಲ. ಆಮೇಲೆ ಅವರು ಇದಕ್ಕೆ ವ್ಯಾಯಾಮದ ತರಬೇತಿಯನ್ನೂ ಸೇರಿಸಿದರು. ಸಿಯಾಟಲ್‌ನಲ್ಲಿ ಟೋನ್ಯಾ ಪಲೆರ್ಮೊ ಅವರ ತಂಡ 273 ಮಕ್ಕಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಇಂಟರ್ನೆಟ್ ಮೂಲಕವೇ ಇಂಥ ತರಬೇತಿ ಕೊಟ್ಟಿತು. ಅಪ್ಪ ಅಮ್ಮನಿಗೂ ಬೇರೆ ಪಾಠಗಳಿದ್ದವು. 2016ರಲ್ಲಿ ಬಂದ ಫಲಿತಾಂಶವೂ ಅದೇ: ನೋವಿನ ತೀವ್ರತೆಯಲ್ಲಿ ಗುಂಪುಗಳ ನಡುವೆ ವ್ಯತ್ಯಾಸವಿಲ್ಲ, ಆದರೆ ತರಬೇತಿ ಸಿಕ್ಕವರಲ್ಲಿ ನೋವಿನಿಂದ ನಿಂತುಹೋಗಿದ್ದ ಕೆಲಸಗಳು ಹೆಚ್ಚಾಗಿ ಮತ್ತೆ ಶುರುವಾದವು.

ಇದನ್ನು ಸೋಲು ಎಂದು ಓದಬೇಡಿ. ನಾವು ಹಿಡಿದ ಕ್ರಮವೇ ತಿರುವುಮುರುವು. ಮೊದಲು ನೋವು ಹೋಗಲಿ, ಆಮೇಲೆ ಸ್ಕೂಲಿಗೆ ಹೋಗಲಿ ಎಂದು ಕಾಯುತ್ತೇವೆ. ಈ ಮಕ್ಕಳಲ್ಲಿ ಹೆಚ್ಚಾಗಿ ಮೊದಲು ಬರುವುದು ಓಡಾಟ, ನೋವು ಇಳಿಯುವುದು ಅದರ ಹಿಂದೆ, ನಿಧಾನಕ್ಕೆ. ಇದನ್ನು ಒಪ್ಪುವುದು ಮಗುವಿಗೂ ಕಷ್ಟ, ಅಪ್ಪ ಅಮ್ಮನಿಗೂ ಕಷ್ಟ. ನೋವಿನಲ್ಲಿರುವ ಮಗುವನ್ನು ‘ನಡಿ’ ಎನ್ನಲು ಯಾರಿಗೆ ಮನಸ್ಸು ಬರುತ್ತದೆ?

ಅಪ್ಪ ಅಮ್ಮನ ಆ ಸಂಕಟವನ್ನೇ ಅಳೆದ ಒಂದು ಪ್ರಯೋಗ ಇದೆ. ಅಮೆರಿಕದ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಲಿನ್ ವಾಕರ್ ಮತ್ತು ಜೊತೆಗಾರರು 2006ರಲ್ಲಿ ಪ್ರಕಟಿಸಿದ್ದು. ಹೊಟ್ಟೆನೋವಿನ ಮಕ್ಕಳೂ ಇದ್ದರು, ಆರೋಗ್ಯವಾಗಿದ್ದವರೂ ಇದ್ದರು. ಹೊಟ್ಟೆ ಬಿರಿಯುವ ತನಕ ನೀರು ಕುಡಿಯಲು ಮಕ್ಕಳಿಗೆ ಹೇಳಿದರು. ಹೊಟ್ಟೆಯಲ್ಲಿ ಒಂಥರಾ ಆಗತೊಡಗಿದಾಗ ಅಪ್ಪ ಅಥವಾ ಅಮ್ಮ ಒಳಗೆ ಬರುತ್ತಾರೆ. ಕೆಲವರಿಗೆ ಮೊದಲೇ ಹೇಳಿಕೊಟ್ಟಿತ್ತು: ಮಗುವಿನ ಹೊಟ್ಟೆಯ ಬಗ್ಗೆಯೇ ವಿಚಾರಿಸಿ, ಅಯ್ಯೋ ಪಾಪ ಎನ್ನಿ. ಇನ್ನು ಕೆಲವರಿಗೆ: ಬೇರೆ ಏನಾದರೂ ಮಾತಾಡಿ. ಉಳಿದವರಿಗೆ ಏನೂ ಹೇಳಲಿಲ್ಲ. ಏನೂ ಹೇಳದವರಿಗೆ ಹೋಲಿಸಿದರೆ, ವಿಚಾರಿಸಿದ ಕಡೆ ಮಕ್ಕಳ ದೂರು ಹೆಚ್ಚುಕಮ್ಮಿ ಎರಡರಷ್ಟಾಯಿತು. ಮಾತು ಬದಲಿಸಿದ ಕಡೆ ಅರ್ಧಕ್ಕೆ ಇಳಿಯಿತು. ಅಪ್ಪ ಅಮ್ಮನನ್ನು ಕೇಳಿದರೆ, ಮಾತು ಬದಲಿಸುವುದರಿಂದಲೇ ಮಗುವಿಗೆ ನೋವಾಗಬಹುದು ಎಂದರು. ಹೊಟ್ಟೆನೋವಿನ ಮಕ್ಕಳು ಅದರಿಂದಲೇ ಹಾಯೆನಿಸಿತು ಎಂದರು.

ಇದು ನಮ್ಮ ಅಜ್ಜಿಯರಿಗೆ ಹೊಸದಲ್ಲ. ಅಂಬೆಗಾಲಿಡುವ ಕೂಸು ಬಿದ್ದರೆ ‘ಅಯ್ಯೋ ಇರುವೆ ಸತ್ತೋಯ್ತು ನೋಡು’ ಎನ್ನುತ್ತಿದ್ದರು. ‘ಅಲ್ನೋಡು ಕಾಗೆ’ ಎಂದು ತೋರಿಸುತ್ತಿದ್ದರು. ಕೂಸನ್ನು ಎತ್ತಿ ಸೊಂಟದ ಮೇಲೆ ಕೂರಿಸಿಕೊಂಡೇ ಹಾಗೆ ಹೇಳುತ್ತಿದ್ದರು ಎಂಬುದನ್ನು ಮರೆಯಬಾರದು. ಕಡೆಗಣಿಸುವುದು ಬೇರೆ, ಮಗ್ಗುಲಲ್ಲಿದ್ದು ಗಮನ ತಿರುಗಿಸುವುದು ಬೇರೆ. ಹಾಗಾಗಿ ಬೆಳಗ್ಗೆ ಎದ್ದ ಕೂಡಲೇ ‘ಇವತ್ತು ನೋವು ಹೇಗಿದೆ?’ ಎಂದು ಕೇಳುವುದನ್ನು ಬಿಡಿ. ‘ಇವತ್ತು ಯಾವ ಪೀರಿಯಡ್‌ಗೆ ಹೋಗ್ತೀಯಾ?’ ಎಂದು ಕೇಳಿ. ನೋವಿದೆ ಎಂದರೆ ‘ಗೊತ್ತು ಕಂದ, ನಂಬ್ತೀನಿ’ ಎಂದು ಒಮ್ಮೆ ಹೇಳಿ, ಮಾತು ಮುಂದಕ್ಕೆ ಒಯ್ಯಿರಿ. ಸ್ಕೂಲು ಬಿಟ್ಟು ತಿಂಗಳಾಗಿದ್ದರೆ ಮೊದಲ ವಾರ ಎರಡು ಪೀರಿಯಡ್ ಸಾಕು. ಆಮೇಲೆ ಅರ್ಧ ದಿನ. ಟೀಚರಿಗೆ ಮೊದಲೇ ವಿಷಯ ಹೇಳಿಡಿ. ಮಧ್ಯೆ ಹತ್ತು ನಿಮಿಷ ಎದ್ದು ಓಡಾಡಲು ಬಿಡಿ ಎಂದು ಕೇಳಿ, ಮನೆಗೆ ಕಳಿಸಿ ಎಂದು ಕೇಳಬೇಡಿ.

ಬಾಸ್ಟನ್ನಿನಂಥ ಕೇಂದ್ರ ನಮ್ಮ ರಾಯಚೂರಿನ, ಚಾಮರಾಜನಗರದ ಮಗುವಿನ ಕೈಗೆಟುಕುವ ಮಾತಲ್ಲ. ಆದರೆ ಆ ಚಿಕಿತ್ಸೆಯಲ್ಲಿ ದುಬಾರಿ ಯಂತ್ರ ಯಾವುದೂ ಇಲ್ಲ. ಮಗುವನ್ನು ನಂಬುವ ಒಬ್ಬ ಮಕ್ಕಳ ವೈದ್ಯರು, ಫಿಸಿಯೊಥೆರಪಿ ಮಾಡಿಸುವವರು ಒಬ್ಬರು, ಮನಶ್ಶಾಸ್ತ್ರಜ್ಞರು ಒಬ್ಬರು. ಈ ಮೂವರೂ ಒಬ್ಬರಿಗೊಬ್ಬರು ಮಾತಾಡಿಕೊಂಡು ಮಗುವಿಗೆ ಒಂದೇ ಮಾತು ಹೇಳಬೇಕು. ನಮ್ಮಲ್ಲಿ ಕೊರತೆ ಇರುವುದು ಹೆಚ್ಚಾಗಿ ಆ ಮಾತುಕತೆಗೆ. ನೋವಿನ ಜೊತೆ ಆತಂಕ, ಖಿನ್ನತೆ ಸೇರಿಕೊಂಡಿದ್ದರೆ 14416ಕ್ಕೆ ಫೋನ್ ಮಾಡಬಹುದು. ಅದು ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಸಿಯಾಟಲ್‌ನಲ್ಲಿ ಮಾಡಿದಂಥ ಇಂಟರ್ನೆಟ್ ತರಬೇತಿಯನ್ನು ಯಾರಾದರೂ ಕನ್ನಡಕ್ಕೆ ಒಗ್ಗಿಸಿದರೆ ಎಷ್ಟು ಮಕ್ಕಳಿಗೆ ಉಪಕಾರವಾದೀತು! ಮನೆಮನೆಯಲ್ಲಿ ಮೊಬೈಲ್ ಇದೆ. ಆ ಕೆಲಸ ಮಾಡಬಲ್ಲ ವೈದ್ಯರು, ಎಂಜಿನಿಯರುಗಳು ಇದನ್ನು ಓದುತ್ತಿದ್ದರೆ ನಿಮ್ಮಲ್ಲಿ ನನ್ನ ಬೇಡಿಕೆ ಅದು.

ಶೆರಿ ಅವರ 103 ಮಕ್ಕಳಿಗೆ ಆಮೇಲೆ ಏನಾಯಿತು ಎಂದು ಹೇಳಿರಲಿಲ್ಲ. ಅವರಲ್ಲಿ 49 ಮಕ್ಕಳನ್ನು ಎರಡು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿದ್ದರು. ಕೊನೆಯಲ್ಲಿ ನೋಡಿದಾಗ 43 ಮಂದಿ ಆರಾಮಾಗಿದ್ದರು. ಆ 43 ಮಂದಿಯಲ್ಲಿ 15 ಮಕ್ಕಳಿಗೆ ನಡುವೆ ಒಮ್ಮೆ ನೋವು ಮರಳಿ ಬಂದಿತ್ತು. ಮತ್ತೆ ಹೋಗಿತ್ತು. ಚಿಕಿತ್ಸೆ ಮುಗಿಸಿ ಮನೆಗೆ ಹೊರಡುವ ಮಗುವಿಗೆ ಇದನ್ನು ಮೊದಲೇ ಹೇಳಿ ಕಳಿಸುವುದು ಒಳ್ಳೆಯದು. ನೋವು ವಾಪಸ್ ಬರಬಹುದು. ಬಂದರೆ ಮಲಗಬೇಡ. ಟಬ್ಬಿಗೆ ಅಕ್ಕಿ ಸುರಿ, ಕಾಲು ಇಳಿಸು, ಹತ್ತರಿಂದ ಎಣಿಸಲು ಶುರು ಮಾಡು.